ಎಂಟರಲ್ಲಿ ಒಂದು ಹಾಳಾಯಿತು, ಉಳಿದ ಏಳು ಬಾಡಿಸೂಟುಗಳನ್ನು ಹೇಗೆ ಒಗೆಯಲಿ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮಕ್ಕಳಿಗೆ ನೃತ್ಯ ಕಲಿಸುತ್ತೇನೆ. ನಮ್ಮ ವಾರ್ಷಿಕ ಕಾರ್ಯಕ್ರಮಕ್ಕೆಂದು ಎಂಟು ಬಾಡಿಸೂಟ್ ಹೊಲಿಸಿದ್ದೆವು. ಕತ್ತಿನಿಂದ ಪಾದದವರೆಗೆ ಒಂದೇ ಉಡುಪು, ಕಡುನೀಲಿ ಲೈಕ್ರಾ. ಕತ್ತಿಗೂ ತೋಳಿಗೂ ಮೈಬಣ್ಣದ ನೆಟ್, ಎದೆಯ ಮೇಲೆ ಬೆಳ್ಳಿ ಬಣ್ಣದ ಫಾಯಿಲ್ ಪ್ರಿಂಟ್, ಅದರ ಸುತ್ತ ಅಂಟಿಸಿದ ಹರಳು. ಒಂದೊಂದಕ್ಕೂ ಮೂರು ಸಾವಿರ ರೂಪಾಯಿಯ ಮೇಲೆ ಬಿತ್ತು. ಮಾರನೆಯ ದಿನ ಪರೀಕ್ಷೆಗೆಂದು ಒಂದನ್ನು ಮಾತ್ರ ವಾಷಿಂಗ್ ಮೆಷಿನ್‌ನಲ್ಲಿ ಬಿಸಿನೀರಿಗೆ ಹಾಕಿ, ತಾರಸಿಯ ತಂತಿಯ ಮೇಲೆ ಒಣಗಿಸಿದೆ. ಮೊಣಕಾಲು ಜೋತುಬಿದ್ದಿದೆ, ಫಾಯಿಲ್ ಸುಲಿದಿದೆ, ಹರಳು ಅರ್ಧಕ್ಕರ್ಧ ಉದುರಿವೆ. ಉಳಿದ ಏಳನ್ನು ಹೆದರಿ ಮುಟ್ಟಿಲ್ಲ, ಎರಡು ವಾರದಿಂದ ಪ್ಲಾಸ್ಟಿಕ್ ಕವರಿನಲ್ಲಿವೆ. ಕಂಕುಳಿನಲ್ಲಿ ಬೆವರಿನ ವಾಸನೆ, ಕತ್ತಿನ ನೆಟ್ ಮೇಲೆ ಮೇಕಪ್ ಕಲೆ ಇವೆ. ಡ್ರೈ ಕ್ಲೀನಿಂಗ್‌ಗೆ ಕೊಡಲೇ? ಮನೆಯಲ್ಲೇ ಒಗೆಯಬಹುದೇ? ಮುಂದಿನ ವರ್ಷದವರೆಗೆ ಹೇಗೆ ಇಡಲಿ? ಹಾಳಾದದ್ದನ್ನು ಸರಿಮಾಡಲು ಸಾಧ್ಯವೇ?

ಉತ್ತರ: ಮುಂದೆ ಓದುವ ಮೊದಲು ಎದ್ದು ಹೋಗಿ ಆ ಏಳನ್ನೂ ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆಯಿರಿ. ಮಂಚದ ಮೇಲೆ ಹಳೆಯ ಪಂಚೆ ಹಾಸಿ, ಒಂದರ ಮೇಲೊಂದು ಬೀಳದಂತೆ ಹರಡಿ, ಫ್ಯಾನ್ ಹಾಕಿ ಬನ್ನಿ. ಒಗೆಯುವ ವಿಷಯವನ್ನು ಆಮೇಲೆ ಮಾತನಾಡೋಣ. ನೀವು ಮೆಷಿನ್‌ಗೆ ಹಾಕಿದ ಒಂದು ಸೂಟಿನ ಬಗ್ಗೆ ಕೊರಗುತ್ತಿದ್ದೀರಿ, ನನಗೆ ಚಿಂತೆಯಾದದ್ದು ಕವರಿನೊಳಗೆ ಕುಳಿತ ಏಳರ ಬಗ್ಗೆ.

ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನೃತ್ಯ ಮತ್ತು ನಾಟಕ ತಂಡಗಳ ಉಡುಪು ನೋಡಿಕೊಂಡವಳು. ಈ ಪಾಠವನ್ನು ಪುಸ್ತಕದಿಂದ ಕಲಿಯಲಿಲ್ಲ. ಆರಂಭದ ದಿನಗಳಲ್ಲಿ ಒಮ್ಮೆ ಕರಾವಳಿಯಲ್ಲಿ ಪ್ರದರ್ಶನ ಮುಗಿಸಿ, ರಾತ್ರಿ ಬಸ್ಸಿಗೆ ಹೊತ್ತಾಯಿತೆಂದು ಹನ್ನೆರಡು ಒದ್ದೆ ಸೂಟುಗಳನ್ನು ಒಂದೇ ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದ್ದೆ. ಬೆಳಗ್ಗೆ ಬೆಂಗಳೂರಿನಲ್ಲಿ ಚೀಲ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ, ಆಮೇಲೆ ಕಂಡದ್ದು ಬಣ್ಣ. ಕೆಂಪು ಸೂಟಿನ ಬಣ್ಣ ಬಿಳಿಯದರ ಬೆನ್ನಿಗೆ ಹತ್ತಿ, ಮಡಿಕೆಯ ಗೆರೆಗಳ ಸಮೇತ ಅಚ್ಚೊತ್ತಿತ್ತು. ಅವನ್ನು ಯಾರೂ ಒಗೆದಿರಲಿಲ್ಲ, ಉಜ್ಜಿರಲಿಲ್ಲ. ಬೆವರು ಮತ್ತು ಗಾಳಿಯಿಲ್ಲದ ಎಂಟು ಗಂಟೆ, ಅಷ್ಟೇ. ಅಂದಿನಿಂದ ನನ್ನ ಲೆಕ್ಕ ಬೇರೆ. ಬಾಡಿಸೂಟಿನ ಆಯಸ್ಸು ಹೆಚ್ಚಾಗಿ ನಿರ್ಧಾರವಾಗುವುದು ಪರದೆ ಬಿದ್ದ ಮೇಲಿನ ಮೊದಲ ಒಂದು ಗಂಟೆಯಲ್ಲಿ. ಬಕೆಟ್ಟಿನ ಸರದಿ ಆಮೇಲಿನದು.

ನಿಮ್ಮ ಒಂದು ಸೂಟ್ ಏಕೆ ಸತ್ತಿತು ಎಂಬುದನ್ನು ಅರ್ಥ ಮಾಡಿಕೊಂಡರೆ ಉಳಿದದ್ದು ತಾನಾಗಿಯೇ ಹೊಳೆಯುತ್ತದೆ. ನಾವು ಲೈಕ್ರಾ ಎಂದು ಕರೆಯುವ ಬಟ್ಟೆಯಲ್ಲಿ ನಿಜವಾದ ಲೈಕ್ರಾ, ಅಂದರೆ ಸ್ಪ್ಯಾಂಡೆಕ್ಸ್ ಎಳೆ, ಸಾಮಾನ್ಯವಾಗಿ ಐದರಲ್ಲಿ ಒಂದು ಪಾಲಿನಷ್ಟು ಇರುತ್ತದೆ. ಉಳಿದದ್ದು ನೈಲಾನ್ ಅಥವಾ ಪಾಲಿಯೆಸ್ಟರ್. ಬಟ್ಟೆಗೆ ಮೈ ಕೊಡುವುದು ನೈಲಾನ್, ಎಳೆದರೆ ಹಿಗ್ಗಿ ಬಿಟ್ಟರೆ ಮರಳುವ ಗುಣ ಕೊಡುವುದು ಸ್ಪ್ಯಾಂಡೆಕ್ಸ್. ಅಮೆರಿಕದ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಎಂಬ ರಸಾಯನಶಾಸ್ತ್ರಜ್ಞ 1958ರಲ್ಲಿ ಈ ಎಳೆಯನ್ನು ರೂಪಿಸಿದ. ಅದಕ್ಕೂ ಸುಮಾರು ನೂರು ವರ್ಷ ಹಿಂದೆ, 1859ರಲ್ಲಿ ಪ್ಯಾರಿಸ್ಸಿನ ಸರ್ಕಸ್ಸಿನಲ್ಲಿ ಟ್ರಪೀಜ್ ಹಾರಿ ಹೆಸರಾದ ಜೂಲ್ ಲಿಯೋಟಾರ್ಡ್ ಮೈಗಂಟಿದ ಉಡುಪನ್ನೇ ತೊಡುತ್ತಿದ್ದ. ಇಂದು ಜಿಮ್ನಾಸ್ಟಿಕ್ಸ್ ಮಕ್ಕಳು ತೊಡುವ ಲಿಯೋಟಾರ್ಡ್‌ಗೆ ಅವನದೇ ಹೆಸರು. ಆದರೆ ಅವನ ಉಡುಪು ಹಿಗ್ಗುತ್ತಿದ್ದದ್ದು ಹೆಣಿಗೆಯ ಬಲದಿಂದ ಮಾತ್ರ. ನಮ್ಮ ಸೂಟುಗಳ ಬಿಗಿ ನಿಂತಿರುವುದು ಕಣ್ಣಿಗೆ ಕಾಣದಷ್ಟು ತೆಳುವಾದ ಸ್ಪ್ಯಾಂಡೆಕ್ಸ್ ಎಳೆಯ ಮೇಲೆ, ಅದು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಜಾತಿಯದು. ಮೂಲ ಉದ್ದದ ಐದಾರು ಪಟ್ಟು ಎಳೆದರೂ ಅದು ಮರಳಿ ಬರುತ್ತದೆ. ಬಿಸಿ, ಬ್ಲೀಚ್, ಬಿಸಿಲು, ಮೈಗೆ ಹಚ್ಚಿದ ಎಣ್ಣೆ ಈ ನಾಲ್ಕರ ಎದುರು ಮಾತ್ರ ಅದು ಬಹಳ ಬಡಪಾಯಿ.

ಹಾಳಾದ ಸೂಟಿನ ಮೊಣಕಾಲಿನ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಕೈಯಿಂದ ಅಗಲಿಸಿ ನೋಡಿ. ನೀಲಿಯ ನಡುವೆ ಸಣ್ಣ ಸಣ್ಣ ಬಿಳಿ ಕೂದಲಿನಂಥವು ಚಾಚಿಕೊಂಡಿರಬಹುದು. ಅವು ಧೂಳೂ ಅಲ್ಲ, ನೂಲಿನ ಚೂರೂ ಅಲ್ಲ, ತುಂಡಾದ ಸ್ಪ್ಯಾಂಡೆಕ್ಸ್. ಕತ್ತರಿಯಿಂದ ಕತ್ತರಿಸಿದರೆ ಚೊಕ್ಕವಾಗಿ ಕಾಣುತ್ತದೆ, ಬಿಗಿ ಮಾತ್ರ ಮರಳುವುದಿಲ್ಲ. ಬಿಸಿನೀರು ಆ ಎಳೆಯನ್ನು ಸಡಿಲಿಸಿತು, ಮೆಷಿನ್ನಿನ ತಿರುಗಾಟ ಎಳೆದಾಡಿತು. ನೀರು ತುಂಬಿ ಭಾರವಾದ ಸೂಟನ್ನು ತಂತಿಯ ಮೇಲೆ ನೇತುಹಾಕಿದಾಗ ಇಡೀ ತೂಕ ಕಾಲಿನ ಕಡೆಗೆ ಇಳಿಯಿತು. ಅದೇ ಭಂಗಿಯಲ್ಲಿ ಅದು ಬಿಸಿಲಿಗೆ ಒಣಗಿತು. ದಾವಣಗೆರೆಯ ಬಿಸಿಲಿನಲ್ಲಿ ಹಪ್ಪಳ ಒಣಗಿಸಬಹುದು, ಮೆಣಸಿನಕಾಯಿ ಒಣಗಿಸಬಹುದು. ಬಾಡಿಸೂಟನ್ನು ಒಣಗಿಸಬಾರದು.

ಫಾಯಿಲ್ ಸುಲಿಯಲು ಇನ್ನೊಂದು ಕಾರಣವೂ ಇದೆ. ಆ ಬೆಳ್ಳಿ ಹೊಳಪು ಬೆಳ್ಳಿಯದಲ್ಲ, ತೆಳ್ಳಗೆ ಬಳಿದ ಅಲ್ಯೂಮಿನಿಯಂ. ಅದರ ಕೆಳಗೆ ಒಂದು ಪದರ ಅಂಟು ಇರುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಬಟ್ಟೆ ಸೋಡಾ ಕರಗಿಸಿಟ್ಟರೆ ಪಾತ್ರೆ ಕಪ್ಪಾಗುವುದನ್ನು ನೋಡಿರುತ್ತೀರಿ. ಸಾಮಾನ್ಯ ಬಟ್ಟೆ ಪುಡಿಯಲ್ಲೂ ಬಾರ್ ಸೋಪಿನಲ್ಲೂ ಅಂಥ ಕ್ಷಾರ ಧಾರಾಳವಾಗಿರುತ್ತದೆ. ಕುಣಿಯುವಾಗ ಫಾಯಿಲಿನಲ್ಲಿ ಹೇಗೂ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತವೆ. ಕ್ಷಾರ ಅಲ್ಲಿಂದ ಒಳಗೆ ಇಳಿಯುತ್ತದೆ, ಬಿಸಿನೀರು ಅಂಟನ್ನು ಮೆತ್ತಗೆ ಮಾಡುತ್ತದೆ, ಉಳಿದ ಕೆಲಸವನ್ನು ಉಜ್ಜಾಟ ಮುಗಿಸುತ್ತದೆ.

ಡ್ರೈ ಕ್ಲೀನಿಂಗ್ ಬೇಡ. ನಮ್ಮೂರುಗಳಲ್ಲಿ ಪೆಟ್ರೋಲ್ ವಾಶ್ ಎಂದೂ ಕರೆಯುವ ಈ ಕೆಲಸದಲ್ಲಿ ನೀರಿನ ಬದಲು ದ್ರಾವಕ ಬಳಸುತ್ತಾರೆ. ರೇಷ್ಮೆ ಸೀರೆಯ ಜಿಡ್ಡು ಬಿಡಿಸುವ ದ್ರಾವಕಕ್ಕೆ ನಿಮ್ಮ ಹರಳಿನ ಅಂಟೂ ಜಿಡ್ಡಿನಂತೆಯೇ ಕಾಣುತ್ತದೆ. ಚಮಕಿ ಇದ್ದರೆ ಅದು ಸುರುಟಿಕೊಳ್ಳುವುದೂ ಉಂಟು. ಅಂಗಡಿಯವರು ಎಷ್ಟೇ ಒಳ್ಳೆಯವರಾಗಿರಲಿ, ಅಂಟಿಸಿದ ಹರಳಿರುವ ಹಿಗ್ಗುವ ಬಟ್ಟೆಯನ್ನು ಅವರ ಕೈಗೆ ಕೊಟ್ಟು ಪವಾಡ ನಿರೀಕ್ಷಿಸುವುದು ನ್ಯಾಯವಲ್ಲ.

ಹಾಗಾಗಿ ಮನೆಯಲ್ಲೇ, ಕೈಯಲ್ಲೇ ಒಗೆಯಿರಿ. ಏಳನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ಮೊದಲು ಒಂದರ ಒಳಹೊಲಿಗೆಯ ಅಂಚನ್ನು ನೀರಿನಲ್ಲಿ ಒದ್ದೆ ಮಾಡಿ, ಬಿಳಿ ಕರವಸ್ತ್ರದಲ್ಲಿ ಒತ್ತಿ ಹಿಡಿಯಿರಿ. ಕರವಸ್ತ್ರಕ್ಕೆ ನೀಲಿ ಹತ್ತಿದರೆ ಆ ಬಟ್ಟೆ ಬಣ್ಣ ಬಿಡುವ ಜಾತಿ. ಅಂಥದನ್ನು ನೆನೆಹಾಕಲೇಬಾರದು, ಐದು ನಿಮಿಷದಲ್ಲಿ ಒಗೆದು ಮುಗಿಸಬೇಕು. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನೈಲಾನಿನ ಬಣ್ಣಕ್ಕೆ ಉಪ್ಪಿನಿಂದ ಯಾವ ಪ್ರಯೋಜನವೂ ಇಲ್ಲ. ಅಷ್ಟು ಹೊತ್ತು ನೆನೆದದ್ದರಿಂದಲೇ ನೆಟ್ ನೀಲಿಯಾಗುತ್ತದೆ.

ನೀರಿನ ವಿಷಯದಲ್ಲಿ ಎರಡು ಮಾತು. ನಿಮ್ಮಲ್ಲಿ ಬೋರ್‌ವೆಲ್ ನೀರಾದರೆ ಅದು ಬಹುತೇಕ ಗಡಸು ನೀರು. ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡುವುದಿಲ್ಲ, ಬದಲಿಗೆ ಬೂದುಬಣ್ಣದ ಪದರವಾಗಿ ಬಟ್ಟೆಗೆ ಅಂಟುತ್ತದೆ. ಕಡುನೀಲಿಯ ಮೇಲೆ ಅದು ಬೂದಿ ಉದುರಿಸಿದಂತೆ ಕಾಣುತ್ತದೆ. ಆದ್ದರಿಂದ ಸೋಪಿನ ಬದಲು ಉಣ್ಣೆ ಬಟ್ಟೆಗೆಂದು ಮಾರುವ ಸೌಮ್ಯ ದ್ರವ ತೆಗೆದುಕೊಳ್ಳಿ, ಅದರಲ್ಲಿ ಕ್ಷಾರವೂ ಕಡಿಮೆ. ನೀರು ಶುದ್ಧ ಮಾಡುವ ಯಂತ್ರದಿಂದ ಹೊರಹೋಗುವ ನೀರನ್ನು ಬಟ್ಟೆ ಒಗೆಯಲು ಹಿಡಿದಿಡುವ ಒಳ್ಳೆಯ ಅಭ್ಯಾಸ ಹಲವು ಮನೆಗಳಲ್ಲಿದೆ. ಈ ಸೂಟುಗಳಿಗೆ ಮಾತ್ರ ಅದು ಬೇಡ, ಅದು ನಲ್ಲಿಯ ನೀರಿಗಿಂತಲೂ ಗಡಸು. ಎರಡನೆಯ ಮಾತು ಬಿಸಿಯದು. ತಣ್ಣೀರು ಎಂದು ನಾನು ಹೇಳಿದರೆ, ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರನ್ನೂ ನೀವು ತಣ್ಣೀರೆಂದೇ ತಿಳಿದೀರಿ. ಬೆಳಗ್ಗೆ ಬೇಗ ಒಗೆಯಿರಿ. ಮೊಣಕೈ ಮುಳುಗಿಸಿದಾಗ ತಂಪೆನಿಸಬೇಕು.

ಅಂಟುವಾಳದ ಕಾಯಿ ಆಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಕಡುಬಣ್ಣದ ಸಾದಾ ಲೈಕ್ರಾಕ್ಕೆ ಆಗುತ್ತದೆ, ನಾನೂ ಬಳಸಿದ್ದೇನೆ. ಆದರೆ ಅದರ ನೀರು ಕಂದು. ನಿಮ್ಮ ಮೈಬಣ್ಣದ ನೆಟ್‌ಗೆ ಅದು ತನ್ನದೊಂದು ಛಾಯೆ ಕೊಟ್ಟೀತು. ಬೇಡ.

ಇನ್ನು ಒಗೆಯುವುದು. ಬಕೆಟ್ಟಿಗಿಂತ ಅಗಲವಾದ ಟಬ್ ಒಳ್ಳೆಯದು. ಎಂಟು ಹತ್ತು ಲೀಟರ್ ನೀರು ತುಂಬಿ, ಒಂದು ಟೀ ಚಮಚ ದ್ರವ ಹಾಕಿ, ಕೈಯಿಂದ ಕಲಕಿ ಪೂರ್ತಿ ಕರಗಿಸಿ. ಸೂಟ್ ಹಾಕಿದ ಮೇಲೆ ದ್ರವ ಸುರಿಯುವುದು ತಪ್ಪು, ಬಿದ್ದ ಜಾಗದಲ್ಲಿ ಮಚ್ಚೆ ಏಳುತ್ತದೆ. ಸೂಟಿನ ಜಿಪ್ ಎಳೆದು ಮುಚ್ಚಿ, ಇಲ್ಲದಿದ್ದರೆ ಅದರ ಹಲ್ಲು ನೆಟ್ಟನ್ನು ಕಚ್ಚುತ್ತದೆ. ಒಳಮೈ ಹೊರಗಾಗುವಂತೆ ಮೆಲ್ಲಗೆ ತಿರುವಿ. ಎರಡು ಅನುಕೂಲ: ಬೆವರು ಇರುವುದು ಒಳಗೆ, ಹರಳು ಮತ್ತು ಫಾಯಿಲ್ ಇರುವುದು ಹೊರಗೆ. ತಿರುವುವಾಗ ಫಾಯಿಲಿನ ಮೇಲೆ ಮಡಿಕೆ ಬೀಳದಿರಲಿ.

ಇನ್ನು ಅದನ್ನು ನೀರಿಗೆ ಇಳಿಸಿ ಅಂಗೈಯಿಂದ ಒತ್ತಿ ಬಿಡಿ, ಒತ್ತಿ ಬಿಡಿ. ಚಪಾತಿ ಹಿಟ್ಟು ನಾದುವಷ್ಟು ಬಲ ಬೇಡ, ನೆನೆದ ಅವಲಕ್ಕಿಯನ್ನು ಒತ್ತಿ ನೋಡುವಷ್ಟು ಸಾಕು. ಮೊದಲ ಒಂದೆರಡು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಕಂಕುಳಿನ ಕಡೆಯಿಂದ ಮಾಸಲು ನೀರು ಎಳೆ ಎಳೆಯಾಗಿ ಹೊರಡುತ್ತದೆ, ನೋಡುತ್ತಿದ್ದಂತೆ ಟಬ್ಬಿನ ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ಎರಡು ವಾರ ಕವರಿನಲ್ಲಿದ್ದ ಸೂಟ್ ಇನ್ನೂ ಗಾಢವಾಗಿ ಬಿಡಬಹುದು, ಗಾಬರಿಯಾಗಬೇಡಿ. ಕಂಕುಳು, ಕಾಲುಗಳ ಸಂದು, ಪಾದದ ಅಡಿಭಾಗ ಇವಿಷ್ಟನ್ನು ಬಟ್ಟೆಗೆ ಬಟ್ಟೆ ತಾಗಿಸಿ ಬೆರಳ ತುದಿಯಿಂದ ಉಜ್ಜಿ. ಬ್ರಶ್ ಮುಟ್ಟಬೇಡಿ. ಒಗೆಯುವ ಕಲ್ಲಿನ ಹತ್ತಿರ ಸುಳಿಯಲೂ ಬೇಡಿ. ಒಟ್ಟು ಐದರಿಂದ ಹತ್ತು ನಿಮಿಷ.

ಎತ್ತುವಾಗಲೇ ಬಹಳ ಜನ ಎಡವುತ್ತಾರೆ. ಭುಜ ಹಿಡಿದು ಮೇಲಕ್ಕೆಳೆದರೆ ನೀರಿನ ಭಾರ ಪೂರ್ತಿ ಆ ತೆಳು ನೆಟ್ ಮೇಲೆ ಬೀಳುತ್ತದೆ. ಎರಡೂ ಕೈಯನ್ನು ಅಡಿಗೆ ತೂರಿಸಿ, ಎಣ್ಣೆ ನೀರು ಹಾಕಿದ ಕೂಸನ್ನು ಎತ್ತುವಂತೆ ಇಡೀ ಮುದ್ದೆಯನ್ನು ಒಟ್ಟಿಗೆ ಎತ್ತಿ. ಹೊಸ ನೀರಿನಲ್ಲಿ ಜಾಲಿಸಿ. ನೊರೆ ಹೋಗಿ, ನೀರು ತಿಳಿಯಾಗುವವರೆಗೆ ಎರಡೋ ಮೂರೋ ಸಲ. ಸೋಪು ಉಳಿದರೆ ಮುಂದಿನ ಸಲ ಬೆವರಿದಾಗ ಮಕ್ಕಳ ಮೈ ತುರಿಸುತ್ತದೆ. ಬಟ್ಟೆ ಮೆತ್ತಗಾಗಿಸುವ ಕಂಡೀಷನರ್ ದ್ರವವನ್ನು ಹಾಕಲೇಬೇಡಿ. ಅದು ಎಳೆಗಳ ಮೇಲೆ ಜಿಡ್ಡಿನಂಥ ಪದರ ಬಿಡುತ್ತದೆ. ಆ ಪದರದೊಳಗೆ ವಾಸನೆ ಸಿಕ್ಕಿಕೊಳ್ಳುತ್ತದೆ, ಮೇಲೆ ಹರಳಿನ ಅಂಟು ಹಿಡಿಯುವುದಿಲ್ಲ.

ಹಿಂಡಬೇಡಿ. ನಮ್ಮ ಕೈಗೆ ಹಿಂಡುವುದು ಎಷ್ಟು ರೂಢಿಯಾಗಿದೆಯೆಂದರೆ, ಮನಸ್ಸು ಬೇಡವೆಂದರೂ ಕೈ ತಿರುಚಲು ಶುರುಮಾಡಿರುತ್ತದೆ. ಒಣ ಟರ್ಕಿ ಟವೆಲ್ ಹಾಸಿ, ಸೂಟನ್ನು ಅದರ ಮೇಲೆ ಮಲಗಿಸಿ, ಚಾಪೆ ಸುತ್ತಿದಂತೆ ಟವೆಲ್ ಸಮೇತ ಸುತ್ತಿ, ಮೇಲಿನಿಂದ ಅಂಗೈಯಿಂದ ಅದುಮಿ. ಹರಳಿರುವ ಕಡೆ ಎದೆಯ ಮುಂಭಾಗ ಮತ್ತು ಬೆನ್ನಿನ ನಡುವೆ ಒಂದು ತೆಳು ಬಟ್ಟೆ ಇಟ್ಟು ಸುತ್ತಿದರೆ ಹರಳು ಬೆನ್ನಿನ ಲೈಕ್ರಾವನ್ನು ಗೀರುವುದಿಲ್ಲ. ಬಿಚ್ಚಿ, ಇನ್ನೊಂದು ಒಣ ಟವೆಲ್ ಮೇಲೆ ಮಲಗಿಸಿ, ನೆರಳಿನಲ್ಲಿ ಫ್ಯಾನಿನ ಕೆಳಗೆ ಬಿಡಿ. ಲೈಕ್ರಾ ಬೇಗ ಒಣಗುವ ಬಟ್ಟೆ, ಬಯಲುಸೀಮೆಯಲ್ಲಿ ಬೆಳಗ್ಗೆ ಹಾಕಿದರೆ ಸಂಜೆಯೊಳಗೆ ಕೆಲಸವಾಗುತ್ತದೆ. ಸೊಂಟದ, ಕಾಲಂಚಿನ ಎಲಾಸ್ಟಿಕ್ ಮಾತ್ರ ಒಳಗೆ ಒದ್ದೆ ಉಳಿಸಿಕೊಳ್ಳುತ್ತದೆ, ಬೆರಳಿನಿಂದ ಹಿಚುಕಿ ನೋಡಿ. ಇಸ್ತ್ರಿ ಬೇಡ. ಸುಕ್ಕು ಉಳಿದರೆ ಚಿಂತೆಯಿಲ್ಲ, ಮೈಗೆ ಏರಿದ ಕೂಡಲೇ ಹೋಗುತ್ತದೆ.

ಮೆಷಿನ್ ಪೂರ್ತಿ ನಿಷಿದ್ಧವೇ? ಹರಳು, ಫಾಯಿಲ್ ಇಲ್ಲದ ಅಭ್ಯಾಸದ ಸೂಟುಗಳನ್ನು ಜಾಲರಿ ಚೀಲದಲ್ಲಿ ಹಾಕಿ, ಮುಂಬಾಗಿಲಿನ ಮೆಷಿನ್‌ನಲ್ಲಿ, ತಣ್ಣೀರಿನಲ್ಲಿ, ನಾಜೂಕು ಬಟ್ಟೆಯ ಕ್ರಮದಲ್ಲಿ ಒಗೆಯಬಹುದು. ಜೀನ್ಸ್, ಹುಕ್ಕು, ವೆಲ್ಕ್ರೋ ಇರುವ ಯಾವುದೂ ಜೊತೆಗಿರಬಾರದು. ನಿಮ್ಮ ಈ ಏಳಕ್ಕೆ ಮಾತ್ರ ಕೈಯೇ ಗತಿ.

ಮೇಕಪ್ ಕಲೆಯನ್ನು ಒಗೆಯುವ ಮೊದಲೇ ನೋಡಿಕೊಳ್ಳಬೇಕು. ಫೌಂಡೇಷನ್ ಎಂದರೆ ಎಣ್ಣೆ ಮತ್ತು ಬಣ್ಣದ ಪುಡಿ. ಬರೀ ನೀರು ಬಿದ್ದರೆ ಎಣ್ಣೆ ಕದಲುವುದಿಲ್ಲ. ಕಲೆಯ ಅಡಿಗೆ ಮಡಿಸಿದ ಬಿಳಿ ಬಟ್ಟೆ ಇಟ್ಟು, ಪಾತ್ರೆ ತೊಳೆಯುವ ದ್ರವದ ಒಂದೇ ಒಂದು ಹನಿಯನ್ನು ನಾಲ್ಕು ಹನಿ ನೀರಿನಲ್ಲಿ ಬೆರೆಸಿ, ಹತ್ತಿಯಿಂದ ಹೊರಗಿನಿಂದ ಒಳಕ್ಕೆ ತಟ್ಟಿ. ಒಳಗಿನಿಂದ ಹೊರಕ್ಕೆ ಹೋದರೆ ರೂಪಾಯಿಯಗಲದ ಕಲೆ ಅಂಗೈಯಗಲವಾಗುತ್ತದೆ. ಅಡಿಯ ಬಟ್ಟೆಗೆ ಬಣ್ಣ ಇಳಿದಂತೆಲ್ಲ ಜಾಗ ಬದಲಿಸಿ. ತಲೆಯ ಕೊಬ್ಬರಿ ಎಣ್ಣೆಯ ಕಲೆಗೂ ಇದೇ ಉಪಾಯ. ನಿಮ್ಮ ಕತ್ತಿನ ಹಿಂಭಾಗದ ಕಲೆ ಮೇಕಪ್ಪಿನದೋ ಜಡೆಯದೋ ಒಮ್ಮೆ ನೋಡಿ, ನನಗೆ ಜಡೆಯ ಮೇಲೇ ಅನುಮಾನ.

ವಾಸನೆ ಸ್ವಲ್ಪ ಹಟಮಾರಿ. ಪಾಲಿಯೆಸ್ಟರ್ ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ, ಆದರೆ ಬೆವರಿನ ಜಿಡ್ಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನೈಲಾನ್ ಅಷ್ಟು ಕೆಟ್ಟದ್ದಲ್ಲ. ನಿಮ್ಮದು ಯಾವುದು? ಒಳಮೈ ನೋಡಿ. ಹೊರಗೆ ಗಾಢ ಬಣ್ಣವಿದ್ದು ಒಳಗೆ ಬಿಳಿಚಿಕೊಂಡಿದ್ದರೆ ಅದು ಮೇಲಿನಿಂದ ಮುದ್ರಿಸಿದ ಪಾಲಿಯೆಸ್ಟರ್ ಆಗಿರುವ ಸಾಧ್ಯತೆ ಹೆಚ್ಚು. ಎರಡೂ ಕಡೆ ಒಂದೇ ನೀಲಿಯಾದರೆ ಎರಡರಲ್ಲಿ ಯಾವುದೂ ಇರಬಹುದು, ಹೊಲಿದವರನ್ನೇ ಕೇಳಿ. ಒಮ್ಮೆ ಒಗೆದ ಮೇಲೂ ಕಂಕುಳಿನಲ್ಲಿ ವಾಸನೆ ಉಳಿದರೆ, ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ, ಕಂಕುಳಿನ ಭಾಗಕ್ಕೆ ಮಾತ್ರ ಹಚ್ಚಿ, ಹತ್ತು ನಿಮಿಷ ಬಿಟ್ಟು ಜಾಲಿಸಿ. ಇಡೀ ಸೂಟನ್ನು ಅದರಲ್ಲಿ ಮುಳುಗಿಸಬೇಡಿ, ಹರಳಿನ ಬೆನ್ನಿಗಿರುವ ಕನ್ನಡಿ ಲೇಪಕ್ಕೆ ಹುಳಿ ಆಗದು. ಬ್ಲೀಚ್ ಹಾಕುವ ಯೋಚನೆಯಿದ್ದರೆ ಈಗಲೇ ಬಿಡಿ. ಸ್ಪ್ಯಾಂಡೆಕ್ಸ್ ಅದರಿಂದ ಹಳದಿಯಾಗಿ ಸತ್ವ ಕಳೆದುಕೊಳ್ಳುತ್ತದೆ. ವಿನೆಗರ್ ಜೊತೆ ಬ್ಲೀಚ್ ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ, ಅದು ಬಟ್ಟೆಯ ಪ್ರಶ್ನೆಯಲ್ಲ, ಶ್ವಾಸಕೋಶದ ಪ್ರಶ್ನೆ.

ಎರಡು ಮೂರು ದಿನ ಸತತ ಪ್ರದರ್ಶನವಿದ್ದು, ನಡುವೆ ಒಗೆಯಲು ಹೊತ್ತಿಲ್ಲದಿದ್ದರೆ? ವಿದೇಶದ ರಂಗಭೂಮಿಗಳ ಉಡುಪು ವಿಭಾಗದವರು ಇದಕ್ಕೆ ವೋಡ್ಕಾ ಬಳಸುತ್ತಾರೆ. ಅಗ್ಗದ, ವಾಸನೆಯಿಲ್ಲದ ವೋಡ್ಕಾವನ್ನು ಸಿಂಪಡಿಸಿ, ಗಾಳಿಗೆ ಬಿಟ್ಟರೆ ಮದ್ಯಸಾರ ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾಗಳನ್ನು ತಗ್ಗಿಸಿ ಆವಿಯಾಗುತ್ತದೆ. ನಾನೂ ಮಾಡಿದ್ದೇನೆ. ಮಕ್ಕಳ ನೃತ್ಯಶಾಲೆಯ ಬೀರುವಿನಲ್ಲಿ ವೋಡ್ಕಾ ಬಾಟಲಿ ಕಂಡ ಪೋಷಕರಿಗೆ ನೀವು ಏನು ಉತ್ತರ ಹೇಳುತ್ತೀರಿ ಎಂಬುದು ನಿಮಗೆ ಬಿಟ್ಟದ್ದು. ನಿಮಗೆ ನನ್ನ ಸಲಹೆ ಇನ್ನೂ ಸರಳ: ಸೂಟ್ ಕಳಚಿದ ಕೂಡಲೇ ಒಳಮೈ ತಿರುವಿ, ಕಂಕುಳಿನ ಭಾಗವನ್ನು ನಲ್ಲಿಯ ಕೆಳಗೆ ಒಂದು ನಿಮಿಷ ಜಾಲಿಸಿ, ಟವೆಲಿನಲ್ಲಿ ಒತ್ತಿ, ಫ್ಯಾನಿಗೆ ಹಿಡಿಯಿರಿ. ಸೋಪು ಬೇಡ. ಬೆವರಿನ ಉಪ್ಪೂ ಆಮ್ಲವೂ ಹೋದರೆ ಸಾಕು. ಕಾರ್ಯಕ್ರಮದ ದಿನ ಇದಕ್ಕೆಂದೇ ಒಬ್ಬ ಪೋಷಕರನ್ನು ನೇಮಿಸಿ, ಫೋಟೋ ತೆಗೆಯಲು ಹೇಗೂ ಹದಿನೈದು ಜನ ಇರುತ್ತಾರೆ. ಊರಿಗೆ ಒಯ್ಯಬೇಕಾದರೆ ಪ್ರತಿ ಸೂಟಿಗೂ ಒಂದು ಹತ್ತಿಯ ಚೀಲ, ಹಳೆಯ ದಿಂಬಿನ ಗವಸಾದರೂ ನಡೆಯುತ್ತದೆ.

ತೊಡುವಾಗಲೂ ಅಷ್ಟೇ ಎಚ್ಚರ ಬೇಕು. ಅರ್ಧ ಹಾನಿ ಆಗುವುದು ಗ್ರೀನ್ ರೂಮಿನಲ್ಲಿ. ಉಂಗುರ, ಬಳೆ, ಕಾಲ್ಗೆಜ್ಜೆ ಮೊದಲೇ ತೆಗೆಸಿ, ಉಗುರು ಕತ್ತರಿಸಿರಲಿ. ಕಾಲುಚೀಲ ಏರಿಸುವಂತೆ ಬಟ್ಟೆಯನ್ನು ಸುರುಳಿ ಮಾಡಿಕೊಂಡು ಪಾದದಿಂದ ಮೇಲಕ್ಕೆ ಬಿಡಿಸುತ್ತಾ ಬರಬೇಕು. ಸೊಂಟದ ಪಟ್ಟಿ ಹಿಡಿದು ಜಗ್ಗಿದರೆ ಹೊಲಿಗೆ ಚಟ್ಟನೆ ಬಿಡುತ್ತದೆ. ಅಂದು ಬೆಳಗ್ಗೆ ಮೈಗೆ ಲೋಷನ್, ಎಣ್ಣೆ ಹಚ್ಚಿಕೊಂಡು ಬರಬಾರದೆಂದು ಮಕ್ಕಳ ತಾಯಂದಿರಿಗೆ ಮೊದಲೇ ಹೇಳಿ. ಬೆವರು ತಡೆಯುವ ರೋಲ್-ಆನ್ ಹಚ್ಚಿದರೆ ಅದು ಪೂರ್ತಿ ಆರಿದ ಮೇಲೆ ಸೂಟ್ ಏರಿಸಿ. ಅದರಲ್ಲಿರುವ ಅಲ್ಯೂಮಿನಿಯಂ ಲವಣ ಬೆವರಿನೊಂದಿಗೆ ಸೇರಿಯೇ ಆ ಹಳದಿ, ಗಡಸು ಕಲೆ ಆಗುವುದು. ಜಿಪ್ ಸಿಕ್ಕಿಕೊಂಡರೆ ಹಲ್ಲಿನ ಮೇಲೆ ಮೇಣದಬತ್ತಿ ಸವರಿ. ನೆಟ್‌ನಲ್ಲಿ ಎಳೆ ಎದ್ದರೆ ಕತ್ತರಿಸಬೇಡಿ, ದಪ್ಪ ಸೂಜಿಯಿಂದ ಒಳಮೈಗೆ ಎಳೆದುಕೊಳ್ಳಿ.

ಉದುರಿದ ಹರಳುಗಳ ವಿಷಯಕ್ಕೆ ಬರೋಣ. ಉಳಿದ ಏಳರಲ್ಲೂ ಒಂದೆರಡು ಬಿದ್ದೇ ಇರುತ್ತವೆ. ಫೆವಿಕ್ವಿಕ್ ತರಬೇಡಿ. ಅದು ಗಾಜಿನಂತೆ ಗಡಸಾಗುತ್ತದೆ, ಬಟ್ಟೆ ಹಿಗ್ಗಿದಾಗ ಅಂಟು ಹಿಗ್ಗದೆ ಬಿರಿಯುತ್ತದೆ, ಸುತ್ತ ಬಿಳಿ ಕಲೆಯನ್ನೂ ಬಿಡುತ್ತದೆ. ಬೆನ್ನಿಗೆ ಒಣ ಅಂಟು ಹಚ್ಚಿಯೇ ಬರುವ ಹಾಟ್‌ಫಿಕ್ಸ್ ಹರಳನ್ನು ಇಸ್ತ್ರಿಪೆಟ್ಟಿಗೆಯಿಂದ ಅಂಟಿಸುವುದೂ ಬೇಡ, ಆ ಅಂಟು ಕರಗುವಷ್ಟು ಬಿಸಿಯಲ್ಲಿ ಫಾಯಿಲ್ ಕಥೆ ಮುಗಿಯುತ್ತದೆ. ಆರಿದ ಮೇಲೂ ಬಾಗುವ, ಹಿಗ್ಗುವ ಬಟ್ಟೆಯ ಅಂಟನ್ನು ಕೇಳಿ ತನ್ನಿ. ಇನ್ನೊಂದು ಗುಟ್ಟಿದೆ. ಮಲಗಿಸಿದ ಸೂಟಿನ ಮೇಲೆ ಅಂಟಿಸಿದ ಹರಳು, ಸೂಟ್ ಮೈಗೇರಿ ಹಿಗ್ಗಿದ ಕೂಡಲೇ ಚಿಮ್ಮುತ್ತದೆ. ರಟ್ಟನ್ನು ಮಗುವಿನ ಎದೆಯಗಲಕ್ಕೆ ಕತ್ತರಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಸೂಟಿನೊಳಗೆ ತೂರಿಸಿ. ಬಟ್ಟೆ ಮೈಮೇಲಿದ್ದಷ್ಟೇ ಬಿಗಿಯಾಗುತ್ತದೆ, ಅಂಟು ಬೆನ್ನಿನ ಕಡೆಗೆ ಇಳಿಯುವುದೂ ಇಲ್ಲ. ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಅಂಟು, ಅದರ ಮೇಲೆ ಹರಳು, ಒಂದು ಸಣ್ಣ ಒತ್ತು. ಮೂರು ದಿನ ಆ ರಟ್ಟನ್ನು ತೆಗೆಯಬೇಡಿ, ಆಮೇಲೂ ಒಂದು ವಾರ ನೀರು ಸೋಕಿಸಬೇಡಿ. ಅವಸರ ಮಾಡಿದವರೆಲ್ಲ ಅಂಟನ್ನೇ ಬೈಯುತ್ತಾರೆ.

ಎತ್ತಿಡುವ ವಿಷಯ ಚಿಕ್ಕದು. ಒಗೆಯದೆ ಎತ್ತಿಡಬೇಡಿ, ಈಗ ಕಾಣದ ಬೆವರಿನ ಕಲೆ ಆರು ತಿಂಗಳಲ್ಲಿ ಹಳದಿಯಾಗಿ ಕಾಣುತ್ತದೆ. ಹ್ಯಾಂಗರಿಗೆ ನೇತುಹಾಕಬೇಡಿ, ಹರಳಿನ ಭಾರಕ್ಕೆ ಭುಜ ಇಳಿಯುತ್ತದೆ. ಹಳೆಯ ವಾಯಿಲ್ ಸೀರೆಯ ತುಂಡು ಹಾಸಿ, ಸೂಟನ್ನು ಮಲಗಿಸಿ, ಫಾಯಿಲಿನ ಮೇಲೆ ಇನ್ನೊಂದು ತುಂಡು ಮುಚ್ಚಿ, ಸಡಿಲವಾಗಿ ಸುರುಳಿ ಸುತ್ತಿ. ಮಡಿಕೆ ಹಾಕಿದರೆ ಫಾಯಿಲ್ ಆ ಗೆರೆಯಲ್ಲೇ ಬಿರಿಯುತ್ತದೆ. ನುಸಿಗುಳಿಗೆ ಬೇಡ. ನುಸಿಗೆ ಉಣ್ಣೆ, ರೇಷ್ಮೆಯ ಆಸೆ, ನೈಲಾನ್ ಅದಕ್ಕೆ ಊಟವಲ್ಲ. ಗುಳಿಗೆಯ ಆವಿ ಮಾತ್ರ ಪ್ಲಾಸ್ಟಿಕ್ ಚಮಕಿಗೂ ಅಂಟಿಗೂ ಕೆಡುಕು ಮಾಡಬಹುದು. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಇಡಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಗಾಳಿಯಾಡಿಸಿ, ಬೇರೆ ರೀತಿಯಲ್ಲಿ ಸುತ್ತಿಡಿ.

ಮುಂದಿನ ಸಲ ಹೊಲಿಸುವಾಗ ಒಂದು ವಿಷಯ ನೆನಪಿಡಿ. ಒದ್ದೆಯಂತೆ ಥಳಥಳಿಸುವ, ಚರ್ಮದಂತೆ ಕಾಣುವ ಲೇಪನದ ಲೈಕ್ರಾವನ್ನು ಅಂಗಡಿಯವರು ತೋರಿಸುತ್ತಾರೆ. ಆ ಲೇಪನವೂ ಪಾಲಿಯುರೆಥೇನ್. ಗಾಳಿಯ ತೇವ ಅದನ್ನು ವರ್ಷಗಳ ಮೇಲೆ ಒಳಗಿನಿಂದಲೇ ಒಡೆಯುತ್ತದೆ, ಬೀರುವಿನಲ್ಲಿ ಇದ್ದಲ್ಲೇ ಅಂಟಂಟಾಗಿ ಸುಲಿಯುತ್ತದೆ. ಮಂಗಳೂರು, ಕಾರವಾರದ ಕಡೆಯವರು ಅದನ್ನು ಕೊಳ್ಳುವ ಮೊದಲು ಎರಡು ಸಲ ಯೋಚಿಸಬೇಕು. ನಿಮ್ಮ ಒಣ ಹವೆಯಲ್ಲಿ ಸ್ವಲ್ಪ ಹೆಚ್ಚು ಬಾಳೀತು, ಅಷ್ಟೇ.

ಕೊನೆಯದಾಗಿ, ಆ ಎಂಟನೆಯದು. ಅದನ್ನು ಸರಿಮಾಡಲು ಆಗುವುದಿಲ್ಲ. ಮೊಣಕಾಲಿನ ಬಳಿ ಹೊಲಿಗೆ ಹಿಡಿದು ಬಿಗಿ ಮಾಡಿಕೊಡುತ್ತೇನೆ ಎಂದು ಟೈಲರ್ ಹೇಳಿದರೂ ಒಪ್ಪಬೇಡಿ. ಸ್ಪ್ಯಾಂಡೆಕ್ಸ್ ಸತ್ತ ಬಟ್ಟೆ, ಮಗು ಮೊದಲ ಸಲ ಮಂಡಿ ಮಡಿಸಿದಾಗ ಆ ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ. ಆದರೆ ಎಸೆಯಬೇಡಿ. ಉಳಿದ ಹರಳನ್ನು ಬಿಡಿಸಿ ಡಬ್ಬಿಯಲ್ಲಿ ಹಾಕಿಡಿ, ಅದೇ ಅಳತೆ ಅದೇ ಹೊಳಪಿನದು ಮುಂದಿನ ವರ್ಷ ಅಂಗಡಿಯಲ್ಲಿ ಸಿಗುತ್ತದೆಂಬ ಖಾತ್ರಿಯಿಲ್ಲ. ಬೆನ್ನಿನ ಜಿಪ್ ಕೆಟ್ಟಿಲ್ಲದಿದ್ದರೆ ಹೊಲಿಗೆ ಬಿಚ್ಚಿ ತೆಗೆದುಕೊಳ್ಳಿ. ತೋಳಿನ ನೆಟ್ ಅಷ್ಟಾಗಿ ನೊಂದಿರುವುದಿಲ್ಲ, ತೇಪೆಗೆ ಬರುತ್ತದೆ. ತೇಪೆ ಹಾಕಿಸುವಾಗ ಗುಂಡು ತುದಿಯ ಸೂಜಿ, ಪಾಲಿಯೆಸ್ಟರ್ ದಾರ, ಅಂಕುಡೊಂಕು ಹೊಲಿಗೆ ಎಂದು ಟೈಲರಿಗೆ ಹೇಳಿ. ಹತ್ತಿಯ ದಾರದಲ್ಲಿ ನೇರ ಹೊಲಿಗೆ ಹಾಕಿದರೆ ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ, ವೇದಿಕೆಯ ಮೇಲೆಯೇ ಅದು ತುಂಡಾಗುತ್ತದೆ. ಕಾಲಿನ ಭಾಗದ ನೀಲಿ ಬಟ್ಟೆಯಲ್ಲಿ ಅಂಗೈಯಗಲದ ಒಂದು ತುಂಡು ಕತ್ತರಿಸಿ ಬೇರೆ ಇಡಿ. ಇನ್ನು ಮುಂದೆ ಹೊಸ ಸೋಪು, ಹೊಸ ಅಂಟು, ಹೊಸ ಕಲೆ ತೆಗೆಯುವ ದ್ರವ ಯಾವುದನ್ನು ತಂದರೂ ಮೊದಲು ಅದರ ಮೇಲೆ ಹಾಕಿ ನೋಡಿ, ಆಮೇಲೆ ಏಳರ ಕಡೆಗೆ ಕೈ ಚಾಚಿ.